ಯಾರ ಕಡೆಯಿಂದ ಬಂತು?

ನಮ್ಮ ಹಳ್ಳಿಗಳಲ್ಲಿ ಮಗು ಮೂರು ವರ್ಷವಾದರೂ ಮಾತಾಡದಿದ್ದರೆ, ಹೆಸರು ಹಿಡಿದು ಕೂಗಿದರೂ ತಿರುಗಿ ನೋಡದಿದ್ದರೆ, ಯಾವ ಡಾಕ್ಟರ ಹತ್ತಿರ ತೋರಿಸೋಣ ಅನ್ನುವ ಮಾತು ತಡವಾಗಿ ಬರುತ್ತದೆ. ಅದಕ್ಕಿಂತ ಮುಂಚೆ ಬರುವ ಮಾತು ಬೇರೆ: ಇದು ಯಾರ ಕಡೆಯಿಂದ ಬಂತು?

ಇಲ್ಲಿ ಬರೆಯುವ ನಾವು ನಾಲ್ವರೂ ಬೇರೆ ಬೇರೆ ಜಿಲ್ಲೆಯ ಹಳ್ಳಿಗಳವರು. ಮಂಡ್ಯದ ಕಡೆ "ನಮ್ ವಂಸದಲ್ಲಿ ಇಂತದ್ದು ಯಾರ್ಗೂ ಇರ್ಲಿಲ್ಲ ಕಣವ್ವ" ಅನ್ನುತ್ತಾರೆ. ಯಾದಗಿರಿ ಕಡೆ "ನಮ್ಮ ಮನಿತನದಾಗ ಹಿಂತಾದ್ದು ಇಲ್ಲ ನೋಡವಾ" ಅನ್ನುತ್ತಾರೆ. ಮಾತಿನ ಧಾಟಿ ಬೇರೆ, ತೀರ್ಪು ಒಂದೇ. ಹೊರಗಿನಿಂದ ಬಂದ ಸೊಸೆಯೇ ಇದನ್ನು ತಂದವಳು. ಬೀಜ ಗಂಡಿನದು, ಹೊಲ ಹೆಣ್ಣಿನದು ಅನ್ನುವುದು ಹಳೇ ಲೆಕ್ಕ. ಬೆಳೆ ಚೆನ್ನಾಗಿ ಬಂದರೆ ಬೀಜದ ಹೊಗಳಿಕೆ, ಕೆಟ್ಟರೆ ಹೊಲಕ್ಕೆ ಬೈಗುಳ.

ನಮ್ಮಲ್ಲೊಬ್ಬರ ಅಣ್ಣನ ಮಗನಿಗೆ ಈಗ ಏಳು ವರ್ಷ. ಮಾತು ಬಂದಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಕಿವಿ ಮುಚ್ಚಿಕೊಂಡು ಕೂಗುತ್ತಾನೆ. ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸಿ ಗಂಟೆಗಟ್ಟಲೆ ನೋಡುತ್ತಾನೆ. ಆಟಿಸಂ ಅಂತ ಡಾಕ್ಟರು ಹೇಳಿದ್ದು ಅವನಿಗೆ ನಾಲ್ಕೂವರೆ ಆದಾಗ. ಅಷ್ಟರಲ್ಲಿ ಎರಡು ದೇವಸ್ಥಾನ, ಒಂದು ದರ್ಗಾ, ತಾಯತ ಕಟ್ಟುವ ಒಬ್ಬರ ಮನೆ ಎಲ್ಲಾ ಆಗಿತ್ತು. ಅತ್ತಿಗೆಯನ್ನು ಊರಲ್ಲಿ ತೊಟ್ಟಿಲು ಶಾಸ್ತ್ರಕ್ಕೆ ಕರೆಯುವುದನ್ನು ಬಿಟ್ಟಿದ್ದರು. ಬಸಿರಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಟಿವಿ ಜಾಸ್ತಿ ನೋಡಿದಳು, ಮಗುವನ್ನು ಎತ್ತಿ ಆಡಿಸಲಿಲ್ಲ, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಹೋದ ವರ್ಷ ಆ ಹುಡುಗನ ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದರು. ಕಾಫಿ ಕುಡಿದರು, ಜಾತಕ ಕೂಡುತ್ತದೆ ಅಂದರು, ಹೋದರು. ಆಮೇಲೆ ಫೋನ್ ತೆಗೆಯಲಿಲ್ಲ. ಆ ಮನೇಲಿ ಒಂದು ಮಗು ಹಾಗಿದೆಯಂತೆ, ನಾಳೆ ಇವಳ ಹೊಟ್ಟೆಯಲ್ಲೂ ಹಾಗೇ ಹುಟ್ಟಿದರೆ ಅಂದರಂತೆ.

ಊರಿನ ಒಬ್ಬ ನಿವೃತ್ತ ಮೇಷ್ಟ್ರು ನಮಗೆ ಒಂದು ಪ್ರಶ್ನೆ ಹಾಕಿದರು. "ನೀವು ಓದಿದವರು ಇದನ್ನೆಲ್ಲ ಮೂಢನಂಬಿಕೆ ಅಂತೀರಿ. ಆದರೆ ನಿಮ್ಮ ವಿಜ್ಞಾನವೂ ಜೀನ್ ಜೀನ್ ಅಂತ ತಾನೇ ಹೇಳೋದು? ಜೀನ್ ಅಂದ್ರೆ ವಂಶವಾಹಿ. ಅಲ್ಲಿಗೆ ಊರವರು ಹೇಳಿದ್ದೂ ಅದೇ ಆಯ್ತಲ್ಲ?"

ಒಳ್ಳೆಯ ಪ್ರಶ್ನೆ. ಉತ್ತರಕ್ಕಾಗಿ ನಾವು ನಾಲ್ವರೂ ಕೆಲವು ತಿಂಗಳು ಓದಿದೆವು, ಡಾಕ್ಟರರನ್ನು ಕೇಳಿದೆವು. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ದೊಡ್ಡ ಡಾಕ್ಟರುಗಳೂ ತಾಯಿಯನ್ನೇ ಬೈದಿದ್ದರು

ತಾಯಿಯ ಮೇಲೆ ತಪ್ಪು ಹೊರಿಸುವುದು ಹಳ್ಳಿಯವರ ಗುಣ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ಡಾಕ್ಟರು 1943ರಲ್ಲಿ 11 ಮಕ್ಕಳ ಬಗ್ಗೆ ಬರೆದರು. ಆಟಿಸಂ ಎಂದು ಇವತ್ತು ಕರೆಯುವ ಸ್ಥಿತಿಯ ಮೊದಲ ವಿವರವಾದ ವರದಿಗಳಲ್ಲಿ ಅದೂ ಒಂದು. ಆಮೇಲಿನ ವರ್ಷಗಳಲ್ಲಿ ಅಲ್ಲಿನ ಡಾಕ್ಟರುಗಳ ನಡುವೆ ಒಂದು ಮಾತು ಬೇರೂರಿತು: ಈ ಮಕ್ಕಳ ತಾಯಂದಿರು ಪ್ರೀತಿ ಇಲ್ಲದವರು, ಅವರ ಮನಸ್ಸು ತಣ್ಣಗೆ, ಅದಕ್ಕೇ ಮಗು ಒಳಗೊಳಗೇ ಮುದುಡಿಕೊಂಡಿತು. 'ಫ್ರಿಜ್ ತಾಯಂದಿರು' ಎಂಬ ಹೆಸರೇ ಹುಟ್ಟಿತು. ಬ್ರೂನೋ ಬೆಟಲ್‌ಹೈಮ್ ಎಂಬುವರು 1967ರಲ್ಲಿ ಇದೇ ವಾದದ ಮೇಲೆ ಒಂದು ಪುಸ್ತಕ ಬರೆದು ಹೆಸರು ಮಾಡಿದರು. ಮಗುವಿಗಾಗಿ ಆಸ್ಪತ್ರೆಗೆ ಬಂದ ಎಷ್ಟೋ ತಾಯಂದಿರು ಅಪರಾಧಿಯ ಹಾಗೆ ಕೂತು ಬೈಸಿಕೊಂಡು ಹೋದರು.

ಈ ಮಾತನ್ನು ಗಟ್ಟಿಯಾಗಿ ಎದುರಿಸಿದವರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಒಬ್ಬರು. ಅವರು ಮನಶ್ಶಾಸ್ತ್ರಜ್ಞರು, ಅವರ ಮಗನಿಗೇ ಆಟಿಸಂ ಇತ್ತು. ಇದು ಸಾಕಿದ ರೀತಿಯಿಂದ ಬಂದದ್ದಲ್ಲ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂದು 1964ರಲ್ಲೇ ಅವರು ಬರೆದರು. ಸಾಕ್ಷಿ ಸಿಕ್ಕಿದ್ದು 1977ರಲ್ಲಿ, ಲಂಡನ್ನಿನಲ್ಲಿ. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 21 ಜೋಡಿ ಅವಳಿ ಮಕ್ಕಳನ್ನು ಹುಡುಕಿದರು. ಪ್ರತಿ ಜೋಡಿಯಲ್ಲೂ ಒಂದು ಮಗುವಿಗಾದರೂ ಆಟಿಸಂ ಇತ್ತು. ಅವುಗಳಲ್ಲಿ 11 ಜೋಡಿ ಒಂದೇ ಅಂಡದಿಂದ ಹುಟ್ಟಿದ, ತದ್ರೂಪಿ ಅವಳಿಗಳು. ಅವರ ಜೀನುಗಳು ಬಹುಪಾಲು ಒಂದೇ. ಉಳಿದ 10 ಜೋಡಿ ಒಟ್ಟಿಗೆ ಹುಟ್ಟಿದರೂ ಸಾಮಾನ್ಯ ಅಣ್ಣತಮ್ಮ, ಅಕ್ಕತಂಗಿಯರಂತೆ.

ತದ್ರೂಪಿ ಜೋಡಿಗಳಲ್ಲಿ ನಾಲ್ಕು ಕಡೆ ಎರಡನೇ ಮಗುವಿಗೂ ಆಟಿಸಂ ಇತ್ತು. ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಅವಳಿಗಳು ಅಂದ ಮೇಲೆ ತಾಯಿ ಒಬ್ಬಳೇ, ಮನೆ ಒಂದೇ, ಸಾಕಿದ ಕೈ ಒಂದೇ. ತಾಯಿಯ ಪ್ರೀತಿ ಸಾಲದೆ ಹೀಗಾಗಿದ್ದರೆ ಎರಡೂ ಬಗೆಯ ಅವಳಿಗಳಲ್ಲಿ ಒಂದೇ ಥರ ಕಾಣಬೇಕಿತ್ತು. ಜೀನಿನ ಪಾತ್ರ ಇದೆ ಅಂತ ತಿಳಿದದ್ದು ಹೀಗೆ.

ಮೇಷ್ಟ್ರಿಗೆ ನಾವು ಮೊದಲು ಹೇಳಿದ್ದು ಇದನ್ನೇ. ಜೀನಿನ ಸಂಶೋಧನೆ ಈ ವಿಷಯದಲ್ಲಿ ಮೊದಲು ಮಾಡಿದ ಕೆಲಸ ತಾಯಂದಿರನ್ನು ಆರೋಪದಿಂದ ಬಿಡಿಸಿದ್ದು.

ಅಪ್ಪನಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ

ಮೇಷ್ಟ್ರು ಸುಮ್ಮನಾಗಲಿಲ್ಲ. "ಸರಿ, ಸಾಕಿದ್ದರಲ್ಲಿ ತಪ್ಪಿಲ್ಲ. ಆದರೆ ಜೀನ್ ಯಾರೋ ಒಬ್ಬರ ಕಡೆಯಿಂದ ಬರಲೇಬೇಕಲ್ಲ?"

ಬರಲೇಬೇಕು ಅಂತೇನಿಲ್ಲ. ನಮ್ಮ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಅನ್ನುವ ಉದ್ದನೆಯ ಬರಹ ಇದೆ. ತಾಯಿಯಿಂದ ಸುಮಾರು 300 ಕೋಟಿ ಅಕ್ಷರ, ತಂದೆಯಿಂದಲೂ ಅಷ್ಟೇ. ಹೊಲಕ್ಕೆ ಬೇರೆ, ಬೀಜಕ್ಕೆ ಬೇರೆ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಅರ್ಧ ಅರ್ಧ. ಇಷ್ಟು ದೊಡ್ಡ ಬರಹವನ್ನು ಪ್ರತಿ ಪೀಳಿಗೆಗೂ ನಕಲು ಮಾಡಬೇಕು. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಹುಟ್ಟುವ ಪ್ರತಿಯೊಂದು ಮಗುವಿನಲ್ಲೂ ಅಪ್ಪನಲ್ಲೂ ಇಲ್ಲದ, ಅಮ್ಮನಲ್ಲೂ ಇಲ್ಲದ ಹೊಸ ಬದಲಾವಣೆಗಳು 60-70 ಇರುತ್ತವೆ. ನಿಮ್ಮಲ್ಲೂ ಇವೆ, ನಮ್ಮಲ್ಲೂ ಇವೆ. ಹೆಚ್ಚಿನವು ಏನೂ ಮಾಡುವುದಿಲ್ಲ. ಎಲ್ಲೋ ಅಪರೂಪಕ್ಕೆ ಒಂದು, ಮಿದುಳು ಬೆಳೆಯಲು ಬೇಕಾದ ಜೀನಿನ ಮೇಲೆಯೇ ಬೀಳುತ್ತದೆ.

ಇಂಥ ಹೊಸ ಬದಲಾವಣೆಗಳಲ್ಲಿ ಹೆಚ್ಚಿನವು ತಂದೆಯ ವೀರ್ಯಾಣುವಿನಲ್ಲಿ ಆಗುತ್ತವೆ, ತಂದೆಯ ವಯಸ್ಸು ಏರಿದ ಹಾಗೆ ಅವುಗಳ ಎಣಿಕೆಯೂ ಏರುತ್ತದೆ. ಬರೀ ಹೆಂಗಸರ ಕಡೆ ಬೆರಳು ತೋರಿಸುವವರು ಇದನ್ನು ಎರಡು ಸಲ ಓದಲಿ. ಹಾಗಂತ ಅಪ್ಪನನ್ನು ಬೈಯಲು ಶುರು ಮಾಡುವುದೂ ಬೇಡ. ಇದು ಯಾರೂ ಬೇಕೆಂದು ಮಾಡಿದ್ದಲ್ಲ, ಯಾರ ನಡತೆಗೂ ಸಂಬಂಧಿಸಿದ್ದಲ್ಲ.

ರೆಟ್ ಸಿಂಡ್ರೋಮ್ ಅನ್ನುವ ಅಪರೂಪದ ಕಾಯಿಲೆ ಒಂದಿದೆ. ಬರುವುದು ಬಹುತೇಕ ಹೆಣ್ಣುಮಕ್ಕಳಿಗೆ. ಮಗು ಮೊದಲು ಎಲ್ಲರಂತೆ ನಗುತ್ತಿರುತ್ತದೆ, ಆಡುತ್ತಿರುತ್ತದೆ. ಆರು ತಿಂಗಳಿಂದ ಒಂದೂವರೆ ವರ್ಷದ ಒಳಗೆ ಬೆಳವಣಿಗೆ ನಿಲ್ಲುತ್ತದೆ. ಬಂದ ಮಾತು ಹೋಗುತ್ತದೆ. ಕೈಗಳನ್ನು ಒಗೆಯುವ ಹಾಗೆ ಉಜ್ಜುತ್ತಲೇ ಇರುತ್ತದೆ. ಚೆನ್ನಾಗಿದ್ದ ಮಗು ಹೀಗಾದರೆ ನಮ್ಮಲ್ಲಿ ಏನು ಹೇಳುತ್ತಾರೆ? ದೃಷ್ಟಿ ಆಯ್ತು, ಯಾರೋ ಮಾಡಿಸಿದರು, ತಾಯಿ ಸರಿಯಾಗಿ ನೋಡಿಕೊಳ್ಳಲಿಲ್ಲ. ಇದು ಒಂದೇ ಒಂದು ಜೀನಿನ ಬದಲಾವಣೆ ಎಂದು 1999ರಲ್ಲಿ ಹುಡಾ ಜೋಗ್ಬಿ ಎಂಬ ವಿಜ್ಞಾನಿಯ ತಂಡ ಕಂಡುಹಿಡಿಯಿತು. ಜೋಗ್ಬಿ ಲೆಬನಾನಿನ ಬೈರೂತ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡುವ ಮಕ್ಕಳ ನರರೋಗ ವೈದ್ಯೆ. ಆ ಬದಲಾವಣೆ ಹೆಚ್ಚುಕಡಿಮೆ ಯಾವಾಗಲೂ ಹೊಸದಾಗಿಯೇ ಆಗಿರುತ್ತದೆ. ಅಂಥ ಮನೆಯಲ್ಲಿ ಯಾವ ಕಡೆಯ ವಂಶವನ್ನು ಜಾಲಾಡಿದರೂ ಏನೂ ಸಿಗುವುದಿಲ್ಲ.

ಒಂದು ಜೀನ್ ಸಿಕ್ಕಿತು ಅನ್ನುವ ಸುದ್ದಿ

'ಖಿನ್ನತೆಯ ಜೀನ್ ಪತ್ತೆ', 'ಹಠಮಾರಿತನದ ಜೀನ್ ಪತ್ತೆ' ಎಂಬಂಥ ತಲೆಬರಹ ನಿಮ್ಮ ಫೋನಿಗೂ ಬಂದಿರಬಹುದು. ಪತ್ರಿಕೋದ್ಯಮ ಓದಿದವರಾಗಿ ಒಂದು ಮಾತು ಹೇಳುತ್ತೇವೆ. ಇಂಥ ಸುದ್ದಿಯನ್ನು ಸ್ವಲ್ಪ ತಡೆದು ಓದಿ.

ವಿಜ್ಞಾನಿಗಳೂ ಬಹಳ ವರ್ಷ ಒಂದೊಂದೇ ಜೀನನ್ನು ಹಿಡಿದು ಖಿನ್ನತೆಗೆ ಇದೇ ಕಾರಣ, ಅದೇ ಕಾರಣ ಎಂದು ನೂರಾರು ಲೇಖನ ಬರೆದರು. 2019ರಲ್ಲಿ ಅಂಥ ಹೆಸರಾದ 18 ಜೀನುಗಳನ್ನು ಲಕ್ಷಾಂತರ ಜನರ ಮಾಹಿತಿ ಇಟ್ಟುಕೊಂಡು ಮತ್ತೆ ಪರೀಕ್ಷಿಸಿದರು. ಕಣ್ಣು ಮುಚ್ಚಿ ಆರಿಸಿದ ಬೇರೆ ಜೀನುಗಳಿಗಿಂತ ಅವುಗಳಿಗೆ ಹೆಚ್ಚಿನ ನಂಟೇನೂ ಕಾಣಲಿಲ್ಲ.

ನಿಜವಾಗಿ ಕಂಡದ್ದು ಬೇರೆ. ಸ್ಕಿಜೋಫ್ರೀನಿಯಾ ಇರುವ 76 ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎಯನ್ನು ಅದಿಲ್ಲದ ಜನರ ಡಿಎನ್‌ಎ ಜೊತೆ ಹೋಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸಂಬಂಧ ಕಂಡದ್ದು ಒಂದು ಜಾಗದಲ್ಲಲ್ಲ, 287 ಜಾಗಗಳಲ್ಲಿ. ಒಂದೊಂದರ ಪಾಲು ತೀರಾ ಚಿಕ್ಕದು. ಮಕ್ಕಳಲ್ಲಿ ಕಾಣುವ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದೆ ಚಡಪಡಿಸುವ ತೊಂದರೆಗೆ ಸಂಬಂಧಿಸಿ 2023ರಲ್ಲಿ 27 ಜಾಗಗಳು ಸಿಕ್ಕವು. ಈ ಜಾಗಗಳಲ್ಲಿ ಅನೇಕವು ತಾಯಿಯ ಹೊಟ್ಟೆಯಲ್ಲಿರುವಾಗ ಮತ್ತು ಮೊದಲ ವರ್ಷಗಳಲ್ಲಿ ಮಿದುಳಿನ ನರಗಳು ಒಂದಕ್ಕೊಂದು ಜೋಡಣೆಯಾಗುವ ಕೆಲಸಕ್ಕೆ ಸೇರಿದವು.

ಇಂಥ ಚಿಕ್ಕ ಚಿಕ್ಕ ಬದಲಾವಣೆಗಳಲ್ಲಿ ಒಂದಿಷ್ಟು ಎಲ್ಲರ ಮನೆಯಲ್ಲೂ ಇವೆ. ಹೆಣ್ಣು ನೋಡಲು ಬಂದು ಫೋನ್ ತೆಗೆಯದೆ ಹೋದವರ ಮನೆಯಲ್ಲೂ ಇವೆ. ಶುದ್ಧ ವಂಶ, ಕಳಂಕದ ವಂಶ ಎಂದು ಗೆರೆ ಎಳೆಯಲು ಡಿಎನ್‌ಎಯಲ್ಲಿ ಜಾಗವೇ ಇಲ್ಲ.

ಇನ್ನೊಂದು ಗೊಂದಲ 'ಆಟಿಸಂ ಶೇ 80ರಷ್ಟು ವಂಶವಾಹಿ' ಎಂಬ ಮಾತಿನದು. ಅವಳಿಗಳ ಅಧ್ಯಯನಗಳಲ್ಲಿ ಸುಮಾರು ಅಷ್ಟು ಬಂದಿರುವುದು ನಿಜ. ಆದರೆ ಆ ಮನೆಯ ನೂರು ಮಕ್ಕಳಲ್ಲಿ 80 ಮಕ್ಕಳಿಗೆ ಬರುತ್ತದೆ ಎಂದು ಅದರ ಅರ್ಥವಲ್ಲ. ಒಂದೇ ಹೊಲ, ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು ಹತ್ತು ತಳಿಯ ರಾಗಿ ಬಿತ್ತಿ ನೋಡಿ. ಇಳುವರಿಯ ಹೆಚ್ಚುಕಡಿಮೆ ಎಲ್ಲ ತಳಿಯಿಂದಲೇ ಬಂದದ್ದು ಅನ್ನಬಹುದು. ಅದೇ ಬೀಜವನ್ನು ಒಬ್ಬರು ನೀರಾವರಿಯಲ್ಲಿ, ಒಬ್ಬರು ಬರಡು ದಿಣ್ಣೆಯಲ್ಲಿ ಬಿತ್ತಿದರೆ ಲೆಕ್ಕವೇ ಬದಲಾಗುತ್ತದೆ. ಶೇ 80 ಅನ್ನುವುದು ಜನರ ನಡುವಿನ ವ್ಯತ್ಯಾಸದ ಲೆಕ್ಕ, ಒಂದು ಮಗುವಿನ ಹಣೆಬರಹವಲ್ಲ. ಸ್ಕಿಜೋಫ್ರೀನಿಯಾದಲ್ಲೂ ಹೀಗೇ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಅದಿದ್ದರೆ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಕಡಿಮೆ ಜೋಡಿಗಳಲ್ಲಿ. ಜೀನುಗಳು ಒಂದೇ ಇದ್ದರೂ ಅಷ್ಟೇ.

ಹಾಗಾದರೆ ಆ ಹುಡುಗನ ಅತ್ತೆಗೆ ಮದುವೆಯಾಗಿ ಮಕ್ಕಳಾದರೆ? ಒಡಹುಟ್ಟಿದವರಲ್ಲಿ ಆಟಿಸಂ ಮತ್ತೆ ಕಾಣುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅಣ್ಣತಂಗಿಯರ ಮಕ್ಕಳವರೆಗೆ ಬಂದಾಗ ಅದು ಬಹಳ ಇಳಿಯುತ್ತದೆ. ಉಳಿದವರಿಗಿಂತ ತುಸು ಹೆಚ್ಚಿರಬಹುದು, ಆದರೂ ಅಂಥ ಮಕ್ಕಳಲ್ಲಿ ಬಹುಪಾಲಿಗೆ ಆಟಿಸಂ ಇರುವುದಿಲ್ಲ. ಅಣ್ಣನ ಮಗನಲ್ಲಿ ಆದದ್ದು ಹೊಸ ಬದಲಾವಣೆಯಾಗಿದ್ದರೆ ಅವಳಿಗೆ ಹೆಚ್ಚುವರಿ ಅಪಾಯವೇ ಇಲ್ಲ. ಒಂದು ಸಂಬಂಧ ಮುರಿಯಲು ಇದು ಕಾರಣವಾಗುವುದಿಲ್ಲ.

ಸೋದರಿಕೆ ಮದುವೆಯ ವಿಷಯ

ಆದರೆ ಒಂದು ಸಂಗತಿಯನ್ನು ಮುಚ್ಚಿಡಬಾರದು. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವುದು ರೂಢಿ. ಕರ್ನಾಟಕದಲ್ಲಿ ಇವತ್ತಿಗೂ ನಾಲ್ಕು ಮದುವೆಗಳಲ್ಲಿ ಸರಿಸುಮಾರು ಒಂದು ರಕ್ತಸಂಬಂಧದಲ್ಲಿ ಆಗುತ್ತದೆ. ಆಸ್ತಿ ಒಡೆಯಬಾರದು, ಹೆಣ್ಣು ಕಣ್ಣಮುಂದೆ ಇರಲಿ ಅನ್ನುವುದು ಅದರ ಹಿಂದಿನ ಕಾರಣ. ಅದನ್ನು ಗೇಲಿ ಮಾಡುವುದು ನಮಗೆ ಇಷ್ಟವಿಲ್ಲ, ನಮ್ಮಲ್ಲಿಬ್ಬರ ಅಪ್ಪ ಅಮ್ಮಂದಿರೇ ಒಳಸಂಬಂಧದವರು.

ಕೆಲವು ಕಾಯಿಲೆಗಳು ಬರಲು ಒಂದೇ ಜೀನಿನ ಎರಡು ಪ್ರತಿಗಳೂ ಕೆಟ್ಟಿರಬೇಕು, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದೇ ಪ್ರತಿ ಕೆಟ್ಟವರು ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಮಾವ ಮತ್ತು ಅಕ್ಕನ ಮಗಳ ಜೀನುಗಳಲ್ಲಿ ಸರಾಸರಿ ಕಾಲು ಭಾಗ ಒಂದೇ ಮೂಲದವು. ಸೋದರಮಾವನ ಮಗಳು, ಸೋದರತ್ತೆಯ ಮಗನ ನಡುವೆ ಎಂಟನೇ ಒಂದು ಭಾಗ. ಹಾಗಾಗಿ ಕೆಟ್ಟ ಪ್ರತಿಗಳು ಎರಡೂ ಒಂದೇ ಮಗುವಿನಲ್ಲಿ ಕೂಡುವ ಸಾಧ್ಯತೆ ಹೆಚ್ಚು. ಯಾವ ಮದುವೆಯಲ್ಲಾದರೂ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಏನಾದರೂ ದೊಡ್ಡ ತೊಂದರೆ ಇರುತ್ತದೆ. ಸೋದರಮಾವ, ಸೋದರತ್ತೆ ಮಕ್ಕಳ ಮದುವೆಯಲ್ಲಿ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಅಪಾಯ ಮತ್ತಷ್ಟು ಹೆಚ್ಚು. ಬುದ್ಧಿಯ ಬೆಳವಣಿಗೆ ಕುಂಠಿತವಾಗುವ ಕೆಲವು ಕಾಯಿಲೆಗಳು ಈ ಗುಂಪಿನವು.

ಇಲ್ಲೂ ಒಬ್ಬರ ತಪ್ಪಿಲ್ಲ ಅನ್ನುವುದನ್ನು ಗಮನಿಸಿ. ಎರಡೂ ಕಡೆಯಿಂದ ಬಾರದೆ ಆ ಕಾಯಿಲೆ ಬರುವುದೇ ಇಲ್ಲ. ಮನೆಯಲ್ಲಿ ಒಂದು ಮಗುವಿಗೆ ಇಂಥ ಕಾಯಿಲೆ ಇದ್ದು ಇನ್ನೊಂದು ಮಗು ಬೇಕೆಂದರೆ, ಬಸಿರಾಗುವ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್ ಅಂದರೆ ವಂಶವಾಹಿ ಸಲಹೆ ಕೇಳಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಡಾಕ್ಟರರು ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾರೆ.

ಒಬ್ಬ ತಾಯಿ ಬಿಡದೆ ಕೇಳಿದ್ದರಿಂದ

ಜೀನಿನಲ್ಲೇ ಇದೆ ಅಂದಮೇಲೆ ಮಾಡುವುದೇನಿದೆ ಎಂದು ಕೈಚೆಲ್ಲುವವರಿಗೆ ನಾರ್ವೆ ದೇಶದ ಒಂದು ಕಥೆ. ಬೊರ್ಗ್ನಿ ಎಗೆಲಾಂಡ್ ಎಂಬ ತಾಯಿಗೆ ಇಬ್ಬರು ಮಕ್ಕಳು, ಇಬ್ಬರಿಗೂ ಬುದ್ಧಿಯ ಬೆಳವಣಿಗೆ ನಿಂತಿತ್ತು. ಮಕ್ಕಳಿಂದ ಒಂದು ವಿಚಿತ್ರ ವಾಸನೆ ಬರುತ್ತದೆ ಎಂದು ಆಕೆ ಕಂಡಕಂಡ ಡಾಕ್ಟರರಿಗೆಲ್ಲ ಹೇಳುತ್ತಿದ್ದಳು. ಕೊನೆಗೆ 1934ರಲ್ಲಿ ಅಸ್ಬ್ಯೋರ್ನ್ ಫೋಲಿಂಗ್ ಎಂಬ ಡಾಕ್ಟರು ಆಕೆಯ ಮಾತಿಗೆ ಬೆಲೆ ಕೊಟ್ಟು ಮಕ್ಕಳ ಮೂತ್ರ ಪರೀಕ್ಷೆ ಮಾಡಿದರು. ಇರಬಾರದ ಒಂದು ರಾಸಾಯನಿಕ ಅದರಲ್ಲಿತ್ತು. ಪಿಕೆಯು ಅನ್ನುವ ವಂಶವಾಹಿ ಕಾಯಿಲೆ ಪತ್ತೆಯಾದದ್ದು ಹೀಗೆ. ಊಟದ ಪ್ರೋಟೀನಿನಲ್ಲಿರುವ ಒಂದು ಅಂಶವನ್ನು ಈ ಮಕ್ಕಳ ದೇಹ ಅರಗಿಸಲಾರದು, ಅದು ಸೇರಿಕೊಂಡು ಮಿದುಳನ್ನು ಕೆಡಿಸುತ್ತದೆ.

1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಬ್ಬ ತಾಯಿ ತನ್ನ ಮಗಳಿಗೆ ಏನಾದರೂ ಮಾಡಿ ಎಂದು ಡಾಕ್ಟರ ಬೆನ್ನು ಬಿಡಲಿಲ್ಲ. ಆ ಅಂಶ ಕಡಿಮೆ ಇರುವ ಆಹಾರ ತಯಾರಾಯಿತು. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಇದನ್ನು ಕಂಡುಹಿಡಿಯುವ ಪರೀಕ್ಷೆ ತಂದರು. ಮೊದಲ ವಾರಗಳಲ್ಲೇ ಪತ್ತೆಯಾಗಿ ಪಥ್ಯ ಮಾಡಿದ ಮಕ್ಕಳು ಶಾಲೆಗೆ ಹೋಗಿ, ಕೆಲಸಕ್ಕೆ ಸೇರಿ, ಸಂಸಾರ ಮಾಡುತ್ತಿದ್ದಾರೆ. ಜೀನ್ ಹಾಗೇ ಇದೆ, ತಟ್ಟೆ ಬದಲಾಯಿತು.

ಪಿಕೆಯು ನಮ್ಮ ದೇಶದಲ್ಲಿ ಅಪರೂಪ. ನಮಗೆ ಹತ್ತಿರದ್ದು ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆ. ಅದು ಎಲ್ಲರಲ್ಲೂ ವಂಶವಾಹಿಯಲ್ಲ, ಆದರೆ ಹೆಚ್ಚುಕಡಿಮೆ ಸಾವಿರ ಮಕ್ಕಳಲ್ಲಿ ಒಂದಕ್ಕೆ ಇರುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಪತ್ತೆಯಾಗಿ ದಿನಾ ಒಂದು ಅಗ್ಗದ ಮಾತ್ರೆ ಕೊಟ್ಟರೆ ಮಿದುಳು ಚೆನ್ನಾಗಿ ಬೆಳೆಯುತ್ತದೆ. ತಡವಾದರೆ ಆದ ನಷ್ಟ ಪೂರ್ತಿ ತುಂಬುವುದಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿ 'ಮಗುವಿಗೆ ಥೈರಾಯ್ಡ್ ಪರೀಕ್ಷೆ ಮಾಡಿದ್ದೀರಾ?' ಎಂದು ಒಂದು ಮಾತು ಕೇಳಿ.

ಮೈಸೂರಿನ ಮಕ್ಕಳು ಹೇಳಿಕೊಟ್ಟದ್ದು

ಇದುವರೆಗೆ ಹೇಳಿದ ದೊಡ್ಡ ದೊಡ್ಡ ಡಿಎನ್‌ಎ ಅಧ್ಯಯನಗಳಲ್ಲಿ ಬಹುಪಾಲು ರಕ್ತ ಯುರೋಪ್ ಮೂಲದ ಜನರದು. ನಮ್ಮ ಜನರ ಜೀನುಗಳಲ್ಲಿ ಬೇರೆ ವ್ಯತ್ಯಾಸಗಳಿವೆ. ನಮ್ಮ ನೀರು ಬೇರೆ, ಊಟ ಬೇರೆ, ಬಡತನ ಬೇರೆ. ಅಲ್ಲಿನ ಲೆಕ್ಕ ಇಲ್ಲಿ ಹಾಗೇ ಹೊಂದುವುದಿಲ್ಲ.

ಈ ಕೊರತೆ ತುಂಬುವ ಕೆಲಸದಲ್ಲಿ ನಮ್ಮ ರಾಜ್ಯದ ಹೆಸರಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅನ್ನುವುದು, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ಹಳೇ ಪುಸ್ತಕಗಳನ್ನು ಹಿಡಿದು ಸಂಶೋಧಕರು ದಶಕಗಳ ನಂತರ ಆ ಜನರನ್ನು ಹುಡುಕಿದರು. 1997-98ರಲ್ಲಿ ಅಲ್ಲಿಗೇ ಬಂದ ಬಸುರಿಯರನ್ನೂ, ಆಮೇಲೆ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದರು. ಆ ಮಕ್ಕಳಿಗೆ ಒಂಬತ್ತು ಹತ್ತು ವರ್ಷವಾದಾಗ ನೆನಪಿನ ಶಕ್ತಿ, ಕಲಿಕೆಯ ಪರೀಕ್ಷೆ ಮಾಡಿದರು. ಬಸಿರಿದ್ದಾಗ ಯಾವ ತಾಯಂದಿರ ರಕ್ತದಲ್ಲಿ ಫೋಲೇಟ್ ಹೆಚ್ಚಿತ್ತೋ ಅವರ ಮಕ್ಕಳು ಸರಾಸರಿ ಹೆಚ್ಚು ಅಂಕ ತೆಗೆದಿದ್ದರು. ಫೋಲೇಟ್ ಅಂದರೆ ಸೊಪ್ಪು, ಕಾಳುಗಳಲ್ಲಿ ಇರುವ ಜೀವಸತ್ವ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಇರುವ ಫೋಲಿಕ್ ಆಸಿಡ್ ಅದೇ. ಮಾತ್ರೆ ವಾಸನೆ ಎಂದು ಹಿತ್ತಲಿಗೆ ಎಸೆಯುವ ಮುಂಚೆ ಇದು ನೆನಪಿರಲಿ.

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಮುಂದೆ ನಿಂತು ನಡೆಸಿದ ಸಿ-ವೇದ ಎಂಬ ಅಧ್ಯಯನವೂ ಇದೆ. ಬೆಂಗಳೂರು, ಮೈಸೂರು, ಆಂಧ್ರದ ರಿಷಿವ್ಯಾಲಿ, ಚಂಡೀಗಢ, ಕೋಲ್ಕತ್ತ, ಇಂಫಾಲ ಹೀಗೆ ಹಲವು ಕಡೆ 6ರಿಂದ 23 ವರ್ಷದ ಸಾವಿರಾರು ಮಕ್ಕಳು, ಯುವಕರು ಅದರಲ್ಲಿದ್ದಾರೆ. ಸಿಟಿಯವರಿದ್ದಾರೆ, ಹಳ್ಳಿಯವರೂ ಇದ್ದಾರೆ. ಜೀನಿನ ಜೊತೆಗೆ ಮನೆಯ ಸ್ಥಿತಿ, ಪಟ್ಟ ಕಷ್ಟ, ದೇಹ ಸೇರಿದ ವಿಷ ಎಲ್ಲವನ್ನೂ ಒಟ್ಟಿಗೆ ನೋಡುವುದು ಇದರ ಉದ್ದೇಶ. ಇದರಲ್ಲಿದ್ದ 1,014 ಜನರ ಬಗ್ಗೆ 2023ರಲ್ಲಿ ಒಂದು ವರದಿ ಬಂತು. ದೇಹದಲ್ಲಿ ಆರ್ಸೆನಿಕ್ ವಿಷ ಹೆಚ್ಚಿದ್ದವರಲ್ಲಿ, ಅದೂ ಕಡಿಮೆ ಪ್ರಮಾಣದಲ್ಲೇ, ಮಿದುಳಿನ ಕೆಲವು ಭಾಗಗಳ ಗಾತ್ರ ಕಡಿಮೆ ಇತ್ತು. ಯೋಚಿಸಿ ಕೆಲಸ ಮಾಡುವ, ಗಮನ ಹಿಡಿದಿಡುವ ಶಕ್ತಿಯೂ ಕಡಿಮೆ ಇತ್ತು.

ರಾಯಚೂರು, ಯಾದಗಿರಿಯ ಚಿನ್ನದ ಗಣಿ ಭಾಗದ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇರುವುದು ಹಿಂದೆಯೇ ಪತ್ತೆಯಾಗಿದೆ. ಅಲ್ಲಿನ ಮಗು ಶಾಲೆಯಲ್ಲಿ ಹಿಂದೆ ಬಿದ್ದರೆ ಅದರ ವಂಶ ಕೇಳುವುದಕ್ಕಿಂತ ಬೋರ್‌ವೆಲ್ ನೀರಿನ ಪರೀಕ್ಷೆಯ ವರದಿ ಕೇಳುವುದು ಮೊದಲ ಕೆಲಸ. ಗ್ರಾಮಸಭೆಯಲ್ಲಿ ನೀರಿನ ವರದಿ ಕೇಳುವ ಹಕ್ಕು ಊರವರೆಲ್ಲರಿಗೂ ಇದೆ.

ರಕ್ತ ಕೊಡುವ ಮುನ್ನ, ದುಡ್ಡು ಕೊಡುವ ಮುನ್ನ

ನಾಳೆ ನಿಮ್ಮ ಊರಿಗೂ ಸಂಶೋಧಕರು ಬಂದು ಮಗುವಿನ ರಕ್ತ ಕೇಳಬಹುದು. ಹೆದರಿ ಓಡುವುದು ಬೇಡ, ತಲೆ ತಗ್ಗಿಸಿ ಕೊಡುವುದೂ ಬೇಡ. ಯಾಕೆ, ಏನು ನೋಡುತ್ತಾರೆ, ಹೆಸರು ಗುಟ್ಟಾಗಿ ಇಡುತ್ತಾರಾ ಎಂಬುದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮ ಹೇಳುತ್ತದೆ. ಅಪ್ಪ ಅಮ್ಮ ಒಪ್ಪಬೇಕು. ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಹಾಗೆ ಸರಿದರೆ ನಿಮ್ಮ ಚಿಕಿತ್ಸೆ ನಿಲ್ಲಬಾರದು.

ದುಡ್ಡು ಕೇಳಿಕೊಂಡು ಬರುವವರೂ ಇದ್ದಾರೆ. ಬೆರಳಚ್ಚು ನೋಡಿ ಮಗುವಿನ ಬುದ್ಧಿ ಹೇಳುತ್ತೇವೆ, ಮುಂದೆ ಏನಾಗುತ್ತದೆ ಹೇಳುತ್ತೇವೆ ಎಂದು ತಾಲೂಕು ಕೇಂದ್ರದ ಶಾಲೆಗಳಿಗೂ ಬರುತ್ತಾರೆ. ಇದಕ್ಕೆ ವಿಜ್ಞಾನದ ಆಧಾರ ಇಲ್ಲ. ಸಾವಿರಾರು ಜೀನುಗಳ ಅಂಕ ಕೂಡಿಸಿದರೂ ಒಂದು ಮಗು ಮುಂದೆ ಹೇಗಾಗುತ್ತದೆ ಎಂದು ಇವತ್ತಿಗೆ ಯಾರೂ ಖಚಿತವಾಗಿ ಹೇಳಲಾರರು.

ಕೇಳಬೇಕಾದ ಪ್ರಶ್ನೆಗಳು

ಮಗು ವರ್ಷ ತುಂಬಿದರೂ ಬೆರಳು ಮಾಡಿ ತೋರಿಸುವುದಿಲ್ಲವೇ? ಹೆಸರು ಕರೆದರೆ ತಿರುಗುವುದಿಲ್ಲವೇ? ಒಂದೂವರೆ ವರ್ಷವಾದರೂ ಒಂದು ಪದ ಇಲ್ಲವೇ? ಎರಡು ವರ್ಷವಾದರೂ 'ಅಮ್ಮ ಬಾ', 'ನೀರು ಕೊಡು' ಎಂದು ಎರಡು ಪದ ಕೂಡಿಸುವುದಿಲ್ಲವೇ? ಬಂದ ಮಾತು ಹೋಯಿತೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ತಡ ಮಾಡಬೇಡಿ. 'ಅವರಪ್ಪನೂ ಲೇಟಾಗಿ ಮಾತಾಡಿದ್ದು' ಎಂದು ಕಾಯಬೇಡಿ. ಕಿವಿ ಕೇಳುತ್ತದೆಯೇ ಎನ್ನುವ ಪರೀಕ್ಷೆಯನ್ನೂ ಮಾಡಿಸಿ.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಆರ್‌ಬಿಎಸ್‌ಕೆ ತಂಡ ಬಂದು ಮಕ್ಕಳನ್ನು ನೋಡಬೇಕು. 2013ರಿಂದ ನಡೆಯುತ್ತಿರುವ ಕಾರ್ಯಕ್ರಮ ಇದು, ದುಡ್ಡು ಕೊಡಬೇಕಿಲ್ಲ. ಅವರು ಬರುವ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಆಟಿಸಂ, ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ ಇವೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಸೇರಿವೆ. ಯುಡಿಐಡಿ ಕಾರ್ಡು ಮಾಡಿಸಿದರೆ ಪಿಂಚಣಿ, ಬಸ್ ಪಾಸಿನಂಥ ಸೌಲಭ್ಯಕ್ಕೆ ಅರ್ಜಿ ಹಾಕಬಹುದು. ಮನಸ್ಸಿನ ತೊಂದರೆ ಯಾವುದೇ ಇರಲಿ, ಮಗುವಿನದೋ ಅದನ್ನು ನೋಡಿಕೊಳ್ಳುವ ತಾಯಿಯದೋ, ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ನಿಮ್ಮ ಪಕ್ಕದ ಮನೆಯಲ್ಲೋ ನೆಂಟರಲ್ಲೋ ಇಂಥ ಮಗು ಇದ್ದರೆ ನಿಮ್ಮಿಂದ ಆಗುವ ಒಂದು ಕೆಲಸ ಇದೆ. ಯಾರ ಕಡೆಯಿಂದ ಬಂತು ಎಂದು ಕೇಳುವ ಬದಲು ಆ ತಾಯಿಗೆ 'ಆಸ್ಪತ್ರೆಗೆ ಹೋಗೋ ದಿನ ನಾನೂ ಬರ್ತೀನಿ, ಬಸ್ಸು ಎಷ್ಟು ಹೊತ್ತಿಗೆ?' ಎಂದು ಕೇಳಿ. ತೊಟ್ಟಿಲು ಶಾಸ್ತ್ರ ಇದ್ದರೆ ಅವಳನ್ನೂ ಕರೆಯಿರಿ, ಮಗುವನ್ನು ಕರೆದುಕೊಂಡೇ ಬಾ ಅನ್ನಿ.